ಮೇಲಿನ ಒಲೆ ಇಳಿಸಲು ತಂದ ಗ್ರಿಲ್

ಒಂದು ಮನೆಯಲ್ಲಿ ಎರಡು ಒಲೆ ಉರಿಯುವುದು ನನಗೆ ಸೇರದು. ಅದನ್ನು ಒಂದು ಮಾಡಬೇಕೆಂದೇ ನಾನು ಬಾರ್ಬೆಕ್ಯೂ ಗ್ರಿಲ್ ಕೊಳ್ಳಲು ಹೊರಟದ್ದು. ಕೇಳಿದವರು ನಗುತ್ತಾರೆ, ನಗಲಿ. ಬೇರೆಯವರು ಅದನ್ನು ಭಾನುವಾರದ ಶೋಕಿಗೆ ಕೊಳ್ಳುತ್ತಾರೆ. ನಾನು ಕೊಂಡದ್ದು ಸೊಸೆಯ ಒಲೆಯನ್ನು ಮಹಡಿಯಿಂದ ಕೆಳಗಿಳಿಸುವುದಕ್ಕೆ.

ನಾವು ಮಂಡ್ಯದ ಕಡೆಯವರು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸೋದರಮಾವನ ಹಿಂದೆ ಮದ್ರಾಸಿಗೆ ಬಂದೆ. ಅಂಬತ್ತೂರಿನ ಕಾರ್ಖಾನೆಗಳಲ್ಲಿ ಕಸ ಗುಡಿಸಿದೆ, ತಗಡು ಹೊತ್ತೆ, ತಗಡು ಕತ್ತರಿಸಿದೆ. ಈಗ ಅದೇ ಎಸ್ಟೇಟಿನಲ್ಲಿ ನನ್ನದೇ ಒಂದು ಶೆಡ್ ಇದೆ. ಕರೆಂಟಿನ ಪ್ಯಾನೆಲ್‌ಗಳನ್ನು ಕೂರಿಸುವ ಕಬ್ಬಿಣದ ಪೆಟ್ಟಿಗೆಗಳನ್ನು ಮಾಡುತ್ತೇವೆ. ಯಾರ ಮುಂದೆಯೂ ಕೈ ಚಾಚದೆ ಮನೆ ಕಟ್ಟಿದೆ. ಕೆಳಗೆ ನಾನು, ನನ್ನ ಹೆಂಡತಿ. ಮಹಡಿಯ ಮೇಲೆ ಮಗ, ಸೊಸೆ. ಹಿಂದುಗಡೆ ಒಗೆಯುವ ಕಲ್ಲು, ಒಂದು ನುಗ್ಗೆಮರ, ಒಂದಿಷ್ಟು ಖಾಲಿ ಜಾಗ. ಅಂಬತ್ತೂರಿನಲ್ಲಿ ಹಿತ್ತಲು ಎಂದು ಹೇಳಿಕೊಳ್ಳಲು ಅಷ್ಟಿದ್ದರೆ ಸಾಕು.

ಸೊಸೆ ತಮಿಳಿನವಳು. ಮಗ ತಾನೇ ನೋಡಿಕೊಂಡ ಹುಡುಗಿ. ನನಗೆ ಅದರಲ್ಲಿ ತಕರಾರಿರಲಿಲ್ಲ. ಒಳ್ಳೆಯ ಮನೆತನ, ಅವರೂ ಮಾಂಸ ತಿನ್ನುವವರೇ. ಮತ್ತೇನು ಬೇಕು ಎಂದುಕೊಂಡಿದ್ದೆ. ಪಂಚಾಂಗವೊಂದು ಅಡ್ಡ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಅವರಿಗೆ ಪುರಟ್ಟಾಸಿ ತಿಂಗಳೆಂದರೆ ಪೆರುಮಾಳಿನ, ಅಂದರೆ ನಮ್ಮ ತಿಮ್ಮಪ್ಪನ, ತಿಂಗಳು. ತಿಂಗಳು ಪೂರ್ತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಸೊಸೆಯ ತಾಯಿ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ಉಜ್ಜಿಯೇ ಆ ತಿಂಗಳನ್ನು ಶುರು ಮಾಡುತ್ತಾರಂತೆ. ನಮ್ಮ ಪಿತೃಪಕ್ಷ ಬರುವುದೂ ಸರಿಯಾಗಿ ಅದೇ ತಿಂಗಳ ಹೊಟ್ಟೆಯೊಳಗೆ. ಮಹಾಲಯ ಅಮಾವಾಸ್ಯೆಯ ದಿನ ನಾವು ಹಿರಿಯರಿಗೆ ಎಡೆ ಇಡುತ್ತೇವೆ. ಎಡೆಯಲ್ಲಿ ಕುರಿ ಮಾಂಸದ ಸಾರು, ರಾಗಿ ಹಿಟ್ಟಿನ ಮುದ್ದೆ, ಹುರಿದ ಈರಲಿ, ಅಂದರೆ ಲಿವರ್, ಇರಲೇಬೇಕು. ನಮ್ಮಪ್ಪ ಬದುಕಿದ್ದಾಗ ಹಬ್ಬದ ದಿನ ಮಾಂಸವಿಲ್ಲದ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದ. ಸತ್ತ ಮೇಲೆ ಮೊಸರನ್ನಕ್ಕೆ ಒಪ್ಪುತ್ತಾನೆಯೇ?

ಮದುವೆಯಾದ ಮೊದಲ ವರ್ಷ ಹೆಂಡತಿ ಎಂದಿನಂತೆ ಅಡುಗೆಮನೆಯಲ್ಲಿ ಸಾರಿಗಿಟ್ಟಳು. ಸೊಸೆ ಬಾಗಿಲವರೆಗೆ ಬಂದಳು, ಮೂಗಿಗೆ ಸೆರಗು ಕೂಡ ಹಿಡಿಯದೆ ಮೆಲ್ಲಗೆ ಹಿಂದೆ ಹೋದಳು. ಮರುದಿನ ಮಗ ಒಂದು ಕರೆಂಟಿನ ಒಲೆ ತಂದು ಮಹಡಿಯ ಮೇಲೆ ಮೇಜಿನ ಮೇಲಿಟ್ಟ.

“ಪುರಟ್ಟಾಸಿ ಮುಗಿಯೋವರೆಗೂ ಅಷ್ಟೇ ಪಾ,” ಎಂದ.

ಪುರಟ್ಟಾಸಿ ಮುಗಿಯಿತು. ಒಲೆ ಇಳಿಯಲಿಲ್ಲ. ಮೊದಮೊದಲು ಮೇಲೆ ಬರೀ ಕಾಫಿ ಆಗುತ್ತಿತ್ತು. ಆಮೇಲೆ ಬೆಳಗಿನ ಉಪ್ಪಿಟ್ಟು, ದೋಸೆ. ಒಂದು ಸಂಜೆ ನಾನು ಶೆಡ್ಡಿನಿಂದ ಬಂದು ಕಾಲು ತೊಳೆಯುತ್ತಿದ್ದಾಗ ಕೆಳಗೆ ನಮ್ಮ ಕುಕ್ಕರ್ ಕೂಗಿತು, ಅದರ ಹಿಂದೆಯೇ ಮೇಲಿಂದ ಇನ್ನೊಂದು ಕುಕ್ಕರ್ ಕೂಗಿತು. ಹೆಂಡತಿ ತಲೆಯೆತ್ತಿ ಚಾವಣಿಯನ್ನು ನೋಡಿದಳು. ಅವಳು ನಾಲ್ಕು ಜನಕ್ಕೆ ಅಕ್ಕಿ ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಉಳಿದ ಅನ್ನಕ್ಕೆ ಬೆಳಗ್ಗೆ ನೀರುಮಜ್ಜಿಗೆ ಹಾಕಿಕೊಂಡು ತಾನೇ ತಿನ್ನುತ್ತಿದ್ದಳು.

“ಇಬ್ಬರಿಗೆ ಹಾಕಬಾರ್ದಾ?” ಎಂದರೆ, “ಬಂದ್ರೆ?” ಎನ್ನುತ್ತಿದ್ದಳು.

ಈ ‘ಬಂದ್ರೆ’ ಎನ್ನುವ ಮಾತು ನನ್ನ ತಲೆ ಕೊರೆಯತೊಡಗಿತು. ಇಲ್ಲೇ, ಹತ್ತು ಮೆಟ್ಟಿಲ ಮೇಲೆ ಇರುವ ಮಗನನ್ನು ದೂರದ ಊರಿನ ನೆಂಟನ ಹಾಗೆ ಕಾಯುವುದೆಂದರೇನು?

ಆಗ ಕಣ್ಣಿಗೆ ಬಿದ್ದದ್ದು ಗ್ರಿಲ್. ನಮಗೆ ಕೆಲಸ ಕೊಡುವ ಒಬ್ಬ ಎಂಜಿನಿಯರ್ ತನ್ನ ಮನೆಯ ತೋಟದಲ್ಲಿ ಅದನ್ನಿಟ್ಟುಕೊಂಡು ಕೋಳಿ ಸುಡುತ್ತಿದ್ದ. ಮುಚ್ಚಳವಿದ್ದ ಕಬ್ಬಿಣದ ತೊಟ್ಟಿ, ಒಳಗೆ ಕೆಂಡ, ಮೇಲೆ ಸರಳುಗಳ ಜಾಲರಿ. ಅವನ ಹೆಂಡತಿ ಒಳಗೆ ಕುಳಿತು ಆರಾಮಾಗಿ ಟಿವಿ ನೋಡುತ್ತಿದ್ದಳು. ಅಡುಗೆಮನೆಗೂ ಆ ಕೋಳಿಗೂ ಸಂಬಂಧವೇ ಇರಲಿಲ್ಲ. ನನಗೆ ಥಟ್ಟನೆ ಹೊಳೆಯಿತು. ನಮ್ಮ ಪಕ್ಷದ ಮಾಂಸವನ್ನೂ ಹಿತ್ತಲಿಗೆ ಹಾಕಿಬಿಟ್ಟರೆ? ಅಡುಗೆಮನೆ ಪುರಟ್ಟಾಸಿಗೆ ಶುದ್ಧವಾಗಿ ಉಳಿಯುತ್ತದೆ. ಆಮೇಲೆ ಮೇಲಿನ ಒಲೆಗೆ ಏನು ನೆಪ ಉಳಿಯುತ್ತದೆ?

ಭಾನುವಾರ ಎಲ್ಲರೂ ಕೆಳಗೆ ಸೇರಿದ್ದಾಗ ಹೇಳಿದೆ. ಒಲೆ ಇಳಿಸುವ ಮಾತೆತ್ತಲಿಲ್ಲ. ಹಿತ್ತಲಿಗೆ ಒಂದು ಗ್ರಿಲ್ ತರೋಣ ಎಂದಷ್ಟೇ ಅಂದೆ.

“ಸೂಪರ್ ಪಾ!” ಎಂದ ಮಗ. “ಗ್ಯಾಸ್‌ದೇ ತಗೊಳ್ಳೋಣ. ತಿರುಗಿಸಿದ್ರೆ ಹತ್ತಿಕೊಳ್ಳುತ್ತೆ, ಆಫ್ ಪಣ್ಣಿದ್ರೆ ಮುಗೀತು.”

“ಗ್ಯಾಸ್ ಒಳಗಿಲ್ವಾ? ಅದನ್ನ ಹೊರಗೆ ತಗೊಂಡು ಹೋಗಿ ಮಳೇಲಿ ನೆನೆಸೋಕಾ? ಕೆಂಡದ್ದೇ ಆಗಬೇಕು.”

“ಎರಡೂ ಬ್ಯಾಡ,” ಎಂದಳು ಹೆಂಡತಿ. “ಆ ಜಾಲರಿ ಮೇಲೆ ಹಿಟ್ಟು ಹೆಂಗೆ ತೊಳಸಾದು? ಹಿರೀಕರಿಗೆ ಇಡೋದು ಸಾರು, ಹಿಟ್ಟು ಕಣ್ರೀ, ಸುಟ್ಟ ತುಂಡಲ್ಲ. ನಿಮ್ಮಪ್ಪ ಬಂದು ಸಾರೆಲ್ಲಮ್ಮಿ ಅಂದ್ರೆ ನೀವೇ ಉತ್ತರ ಹೇಳ್ಕಳಿ.”

“ಪಾತ್ರೆ ಇಡೋ ಅಂಥದ್ದೇ ತರ್ತೀನಿ.”

“ಪಾತ್ರೆ ಇಡೋದಾದ್ರೆ ಮೂರು ಕಲ್ಲು ಸಾಕಲ್ಲ? ಅದ್ಕ್ಯಾಕೆ ಅಂಗಡೀಗೆ ಹೋಗ್ಬೇಕು?”

ಸೊಸೆಯ ಮುಖ ನೋಡಿದೆ. ಅವಳು ತಟ್ಟೆಯತ್ತ ನೋಡುತ್ತ, “ನಲ್ಲ ಐಡಿಯಾ ಮಾಮಾ,” ಎಂದಳು. ಆಮೇಲೆ ತಮಿಳಿನಲ್ಲೇ, ಹೊಗೆ ಮೇಲಕ್ಕೆ ಬರುತ್ತದೆಯೇ ಎಂದು ಕೇಳಿದಳು.

“ಮುಚ್ಚಳ ಇರುತ್ತಮ್ಮಾ,” ಎಂದೆ.

ಶೆಡ್ಡಿನಲ್ಲೂ ಇದೇ ಗೋಳು. ಒಂದು ಹಳೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ ನಾಲ್ಕು ಕಾಲು ಬೆಸೆದರೆ ಮಧ್ಯಾಹ್ನದೊಳಗೆ ಗ್ರಿಲ್ ಸಿದ್ಧ, ನೀವ್ಯಾಕೆ ಕೊಂಡುಕೊಳ್ಳುತ್ತೀರಿ ಎಂದು ಎಲ್ಲರೂ ಕೇಳಿದರು. ನಿಜ. ನಮ್ಮ ಮನೆಯ ಗೇಟು, ಬೀರು, ಚಪ್ಪಲಿ ಸ್ಟ್ಯಾಂಡು, ನೀರಿನ ಟ್ಯಾಂಕಿನ ಕಾಲು, ಎಲ್ಲವೂ ನನ್ನ ಕೈಯವೇ. ಮದುವೆ ಮಾತಿಗೆಂದು ಬಂದ ಬೀಗರು ನನ್ನ ಬೀರುವಿನ ಅಂಚನ್ನು ಸವರಿ ನೋಡಿ “ಸ್ಟ್ರಾಂಗ್” ಎಂದಿದ್ದರು. ಸ್ಟ್ರಾಂಗ್ ಎಂದರು, ಚೆನ್ನಾಗಿದೆ ಎನ್ನಲಿಲ್ಲ. ಆ ವ್ಯತ್ಯಾಸ ನನಗೆ ತಿಳಿಯುತ್ತದೆ. ಸೊಸೆಯನ್ನು ಕೆಳಗೆ ಕರೆಯಲು ಒಡೆದ ಡ್ರಮ್ಮನ್ನು ಒಡ್ಡುವ ಮನಸ್ಸು ನನಗಿರಲಿಲ್ಲ. ಅಂಗಡಿಯದೇ ಬೇಕು, ಪೆಟ್ಟಿಗೆಯಲ್ಲಿ ಬರಬೇಕು.

ಅಡ್ಯಾರಿನಲ್ಲಿ ಒಂದು ದೊಡ್ಡ ಅಂಗಡಿಯಿದೆ ಎಂದು ಮಗ ಕರೆದುಕೊಂಡು ಹೋದ. ಎಸಿಯ ತಂಪು, ನೆಲದ ಹೊಳಪು. ಸಾಲಾಗಿ ನಿಲ್ಲಿಸಿದ್ದ ಗ್ರಿಲ್‌ಗಳು ಹಲ್ಲಿನ ಆಸ್ಪತ್ರೆಯ ಸಾಮಾನಿನ ಹಾಗೆ ಫಳಫಳಿಸುತ್ತಿದ್ದವು. ಮಾರುವ ಹುಡುಗ ಮಗನನ್ನು ‘ಸಾರ್’ ಎಂದ, ನನ್ನನ್ನು ‘ಅಂಕಲ್’ ಎಂದ. ಕೊಳ್ಳುವವನು ನಾನು, ಇಂಗ್ಲಿಷಿನಲ್ಲಿ ವಿವರ ಹೋಗುತ್ತಿದ್ದುದು ಮಗನಿಗೆ. ನಾನು ನನ್ನ ಪಾಡಿಗೆ ಒಂದೊಂದರ ಮುಚ್ಚಳವನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆ. ತಗಡಿನ ದಪ್ಪ ತಿಳಿಯಲು ನನಗೆ ಬೇರೆ ಅಳತೆ ಬೇಡ. ಮೊದಲನೆಯದು ಬಿಸ್ಕತ್ತಿನ ಡಬ್ಬದ ಹಾಗೆ ಸದ್ದು ಮಾಡಿತು. ಎರಡನೆಯದೂ ಹಾಗೆಯೇ.

“ಅಂಕಲ್, ಡೆಮೋ ಪೀಸ್. ತಟ್ಟಾದೀಂಗ,” ಎಂದ ಹುಡುಗ.

“ತಟ್ಟಿದ್ರೆ ಬಾಗೋದಾದ್ರೆ ಕೆಂಡ ಹಾಕಿದ್ರೆ ಏನಾಗುತ್ತಪ್ಪಾ?” ಎಂದೆ.

ಮಗ ನನ್ನ ಮೊಣಕೈ ಹಿಡಿದು, “ಅಪ್ಪಾ, ಸುಮ್ನಿರು ಪಾ,” ಎಂದ.

ಹುಡುಗ ಸಾವರಿಸಿಕೊಂಡು ತಮಿಳಿಗೆ ಇಳಿದ. ಎಷ್ಟು ಜನಕ್ಕೆ ಬೇಕು, ಏನು ಮಾಡುತ್ತೀರಿ, ವಾರಕ್ಕೆ ಎಷ್ಟು ಸಲ ಎಂದೆಲ್ಲ ಕೇಳಿದ.

“ವರ್ಷಕ್ಕೆ ಒಂದು ಸಲ,” ಎಂದೆ.

“ವರ್ಷಕ್ಕಾ? ಪಾರ್ಟಿಗಾ ಅಂಕಲ್?”

“ಅಲ್ಲ. ಸತ್ತವರಿಗೆ.”

ಹುಡುಗನ ಬಾಯಿ ಹಾಗೇ ತೆರೆದುಕೊಂಡಿತು. ಮಗ ಆ ಕಡೆ ತಿರುಗಿ ಇಕ್ಕಳಗಳನ್ನು ನೋಡತೊಡಗಿದ. ಅವನ ಕಿವಿ ಕೆಂಪಾಗಿತ್ತು. ಇದ್ದದ್ದನ್ನು ಹೇಳಿದರೆ ನಾಚಿಕೆ ಯಾಕೋ ನನಗೆ ಅರ್ಥವಾಗಲಿಲ್ಲ.

ಕೊನೆಗೆ ಮೂಲೆಯಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಎರಕದ ಕಬ್ಬಿಣದ್ದು. ತಟ್ಟಿದರೆ ಬಾವಿಯ ಕಟ್ಟೆಯನ್ನು ತಟ್ಟಿದಂತೆ ಬೆರಳೇ ನೊಂದಿತು. ಜಾಲರಿಯ ಮೇಲೆ ನಮ್ಮ ದೊಡ್ಡ ಪಾತ್ರೆ ಧಾರಾಳವಾಗಿ ಕೂರುವಷ್ಟು ಜಾಗ. ಹುಡುಗ ಓಡಿ ಬಂದ.

“ಅಂಕಲ್, ಇದು ಹೋಟೆಲಿನವರು ತಗೊಳ್ಳೋದು. ಕಾಯೋದಕ್ಕೆ ಟೈಮ್ ಹಿಡಿಯುತ್ತೆ. ಆದ್ರೆ ಒಂದು ಸಲ ಕಾದ್ರೆ ಗಂಟೆಗಟ್ಟಲೆ ಆರಲ್ಲ.”

ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ನಲವತ್ತು ವರ್ಷದ ಹತ್ತಿರ ತಗಡಿನೊಡನೆ ಬದುಕಿದ್ದೇನೆ. ದಪ್ಪಗಿರುವುದು ಬಾಳುತ್ತದೆ, ತೆಳ್ಳಗಿರುವುದು ಕೈಕೊಡುತ್ತದೆ, ಇದಕ್ಕಿಂತ ಹೆಚ್ಚು ಯೋಚಿಸುವ ಅಗತ್ಯ ನನಗೆ ಯಾವತ್ತೂ ಬಂದಿರಲಿಲ್ಲ. ನಾನು ಮಾಡುವ ಪೆಟ್ಟಿಗೆ ಕಾಯಬೇಕಾಗಿಲ್ಲ, ಗಟ್ಟಿಯಾಗಿದ್ದರೆ ಸಾಕು. ಇದೂ ಪೆಟ್ಟಿಗೆಯೇ ತಾನೇ ಎಂದುಕೊಂಡುಬಿಟ್ಟೆ.

“ಅಪ್ಪಾ, ಗ್ಯಾಸ್‌ದನ್ನ ಒಂದು ಸಲ ನೋಡಿಬಿಡು,” ಎಂದ ಮಗ.

“ಇದೇ,” ಎಂದೆ.

ಮನೆಗೆ ಬಂದಾಗ ಅದು ಪಕ್ಕದ ಸಂದಿಯಲ್ಲಿ ತೂರಲೇ ಇಲ್ಲ. ಶೆಡ್ಡಿನ ಆಳುಗಳನ್ನು ಕರೆಸಿ ಕಾಂಪೌಂಡ್ ಗೋಡೆಯ ಮೇಲಿಂದ ಹಗ್ಗ ಕಟ್ಟಿ ಇಳಿಸಿದ್ದಾಯಿತು. ಹಿಂದಿನ ಮನೆಯ ಯಜಮಾನರು, ರೈಲ್ವೆಯಿಂದ ರಿಟೈರಾದ ತಮಿಳರು, ಗೋಡೆಯ ಮೇಲೆ ಗದ್ದವೂರಿ ನೋಡುತ್ತಿದ್ದರು. “ಎನ್ನ ಸಾರ್, ಮನೆಯಲ್ಲೇ ಬಾಯ್ಲರಾ?” ಎಂದರು. ಹೆಂಡತಿ ಅದರ ಸುತ್ತ ಒಂದು ಸುತ್ತು ಹಾಕಿ, “ಅದ್ರಲ್ಲಿ ಬಟ್ಟೆ ಒಗೀಬೋದಾ?” ಎಂದು ಕೇಳಿ ಒಳಗೆ ಹೋದಳು.

ಮಹಾಲಯ ಅಮಾವಾಸ್ಯೆ ಬಂತು. ಬೆಳಗ್ಗೆ ಮಾಂಸ ತಂದೆ. ಊರೆಲ್ಲ ಪುರಟ್ಟಾಸಿ ಹಿಡಿದಿರುವಾಗ ಕಸಾಯಿ ಅಂಗಡಿಯಲ್ಲಿ ಕಾಯುವ ಮಾತೇ ಇರುವುದಿಲ್ಲ. ಅಂಗಡಿಯವನು ನನ್ನನ್ನು ನೋಡಿ, “ಕನ್ನಡಕಾರರು ಬಂದ್ರು,” ಎಂದು ಖುಷಿಯಿಂದ ಕತ್ತಿ ಮಸೆದ. ಇಸ್ತ್ರಿ ಗಾಡಿಯವನು ಇದ್ದಿಲು ತರುವ ಮಂಡಿಯಿಂದಲೇ ಒಂದು ಮೂಟೆ ಇದ್ದಿಲು ತರಿಸಿಟ್ಟಿದ್ದೆ. ನಮ್ಮ ಮನೆಯಲ್ಲಿ ಎಡೆ ಮಧ್ಯಾಹ್ನವೇ ಆಗಬೇಕು. ಹಿರಿಯರನ್ನು ಹೊತ್ತು ಮೀರಿಸಿ ಕಾಯಿಸಬಾರದು. ಹೆಂಡತಿ ಖಾರ ರುಬ್ಬಿ, ಮಾಂಸಕ್ಕೆ ಕಲಸಿ, ನೀರು ಹೊಯ್ದು ಪಾತ್ರೆಯನ್ನು ಹಿತ್ತಲ ಬಾಗಿಲಿನಲ್ಲೇ ನನ್ನ ಕೈಗೆ ಕೊಟ್ಟಳು.

“ತಗಳಿ. ನಿಮ್ಮ ಒಲೆ, ನಿಮ್ಮ ಸಾರು.”

ಇದ್ದಿಲು ಹತ್ತಿಕೊಂಡಿತು, ಕೆಂಡವೂ ಆಯಿತು. ಆದರೆ ಆ ಕೆಂಡದ ಕಾವನ್ನೆಲ್ಲ ಕಬ್ಬಿಣವೇ ಕುಡಿಯುತ್ತಿತ್ತು. ಪಾತ್ರೆಯ ತಳಕ್ಕೆ ಕೈ ಹತ್ತಿರ ಹಿಡಿದರೆ ಸ್ನಾನದ ನೀರಿನಷ್ಟು ಬಿಸಿ. ಇನ್ನಷ್ಟು ಇದ್ದಿಲು ಸುರಿದೆ. ಹೊಗೆ ಎದ್ದಿತು. ಮುಚ್ಚಳ ಹಾಕೋಣವೆಂದರೆ ಪಾತ್ರೆ ಒಳಗಿದ್ದರೆ ಮುಚ್ಚಳ ಕೂರುವುದಿಲ್ಲ! ಅಂಗಡಿಯಲ್ಲಿ ಪಾತ್ರೆಯ ಅಗಲ ಮಾತ್ರ ನೋಡಿದ್ದೆ, ಎತ್ತರವನ್ನು ಯಾರು ನೋಡಿದರು? ಹೊಗೆ ನೆಟ್ಟಗೆ ನುಗ್ಗೆಮರವನ್ನು ಹಿಡಿದು ಮಹಡಿಯ ಕಿಟಕಿಗೆ ಹೋಗುತ್ತಿತ್ತು.

ಗೋಡೆಯಾಚೆ ರೈಲ್ವೆ ಯಜಮಾನರ ತಲೆ ಎದ್ದಿತು. “ಸಾರ್, ಪುರಟ್ಟಾಸಿ ಸಾರ್!”

“ನಮಗೆ ಪಕ್ಷ ಸಾರ್!” ಎಂದೆ.

“ಅಮಾವಾಸ್ಯೆ ದಿನ ನಾವು ಈರುಳ್ಳೀನೇ ತಿನ್ನಲ್ಲ, ನೀವು ಆಡೇ ತಿಂತೀರಲ್ಲ!”

“ನಾನಲ್ಲ ಸಾರ್, ನಮ್ಮಪ್ಪ.”

ಅವರು ಒಳಗೆ ಹೋಗಿ ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಹೆಂಡತಿ ಬಾಗಿಲಿನಿಂದ ಇಣುಕಿದಳು.

“ಕುದೀತಾ?”

“ಆಗ್ತಾ ಐತೆ.”

“ಹೊತ್ತು ನೆತ್ತಿ ಮೇಲಕ್ಕೆ ಬಂತು.”

“ಆಗ್ತಾ ಐತೆ ಅಂದ್ನಲ್ಲ!”

ರೇಗಿ ಹೋಯಿತು. ಶೆಡ್ಡಿನಿಂದ ತಂದಿಟ್ಟಿದ್ದ ಬ್ಲೋವರ್ ನೆನಪಾಯಿತು. ಪ್ಯಾನೆಲ್‌ಗಳ ಒಳಗಿನ ಧೂಳನ್ನು ಊದಿ ತೆಗೆಯುವ ಯಂತ್ರ ಅದು. ಅದರ ಮೂತಿಯನ್ನು ಕೆಂಡದ ಕೆಳಗಿನ ಕಿಂಡಿಗೆ ಹಿಡಿದು ಸ್ವಿಚ್ ಒತ್ತಿದೆ. ಒಂದು ಕ್ಷಣ ಎಲ್ಲ ಬೆಳ್ಳಗಾಯಿತು. ಬೂದಿ ಮೋಡದಂತೆ ಎದ್ದು ನನ್ನ ತಲೆ, ಮೀಸೆ, ಒಗೆಯುವ ಕಲ್ಲು, ಕೊನೆಗೆ ಮಹಡಿಯ ಹಿಂದಿನ ಹಗ್ಗದ ಮೇಲೆ ಒಣಗುತ್ತಿದ್ದ ಸೊಸೆಯ ಬಿಳಿ ಕುರ್ತಾಗಳ ಮೇಲೆ ನಿಧಾನವಾಗಿ ಇಳಿಯಿತು.

ಮೇಲೆ ಬಾಗಿಲು ತೆರೆಯಿತು. ಮೆಟ್ಟಿಲಿಳಿಯುವ ಸದ್ದು. ಸೊಸೆ ಆವತ್ತು ಆಫೀಸಿಗೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಬೈದರೆ ಬೈಯಲಿ, ನಾನೂ ಬಿಡುವುದಿಲ್ಲ ಎಂದು ಸಿದ್ಧನಾದೆ. ಅವಳು ಬಂದು ನನ್ನ ಬೂದಿ ಮೀಸೆಯನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಾಳೆ! ನನ್ನ ಸಿಟ್ಟು ಇನ್ನೂ ಏರಿತು.

“ನಗಬೇಡಮ್ಮಾ. ಇದನ್ನ ತಂದಿದ್ದೇ ನಿನಗೋಸ್ಕರ,” ಎಂದೆ.

“ಎನಕ್ಕಾ? ನನಗಾ ಮಾಮಾ?”

“ಮತ್ತಿನ್ಯಾರಿಗೆ? ಅಡುಗೆಮನೇಲಿ ಮಾಂಸ, ನಿಮ್ಮ ಮಾತಲ್ಲಿ ಕರಿ, ಬೇಯಿಸ್ತೀವಿ ಅಂತ ತಾನೇ ನೀನು ಮೇಲೆ ಒಲೆ ಹೂಡಿದ್ದು? ಈಗ ಕರೀನ ಹೊರಗೆ ಹಾಕಿದೀನಿ. ಕೆಳಗೆ ಬಂದು ಅಡುಗೆ ಮಾಡು. ನಿಮ್ಮತ್ತೆ ದಿನಾ ನಾಲ್ಕು ಜನಕ್ಕೆ ಅಕ್ಕಿ ಹಾಕಿ ತಂಗಳು ತಿಂತಾಳೆ, ಗೊತ್ತಾ ನಿನಗೆ?”

ಅವಳ ನಗು ನಿಂತಿತು. ಆ ಕಬ್ಬಿಣದ ತೊಟ್ಟಿಯನ್ನು ನೋಡಿದಳು, ಆಮೇಲೆ, “ವಾಂಗ ಮಾಮಾ,” ಎಂದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಹೋಗಿ ಒಲೆಯ ಮುಂದೆ ನಿಂತಳು. ಬರೀ ನಿಂತಳು, ಅಷ್ಟೇ.

“ಪಾರುಂಗ,” ಎಂದಳು.

ನೋಡಿದೆ. ಸೊಸೆ ನನಗಿಂತ ಎತ್ತರದ ಹುಡುಗಿ. ಒಲೆಯಿಟ್ಟ ಕಟ್ಟೆ ಅವಳ ತೊಡೆಗೆ ಬರುತ್ತಿತ್ತು. ಬಾಣಲೆಯ ಹಿಡಿಯನ್ನು ಹಿಡಿಯಲು ಅವಳು ಸೊಂಟವನ್ನು ಮುರಿದಂತೆ ಬಾಗಬೇಕಾಯಿತು. ಬಾಗಿದವಳು ತಲೆಯೆತ್ತಿದರೆ ಹಣೆ ಸರಿಯಾಗಿ ನಾನು ಬೆಸೆದ ತಟ್ಟೆ ಸ್ಟ್ಯಾಂಡಿನ ಮೂಲೆಗೆ ಬಂದಿತು. ಕೂದಲು ಸರಿಸಿ ಒಂದು ಗಾಯದ ಕಲೆ ತೋರಿಸಿದಳು.

“ಕರಿ ವಾಸನೆ ಒಂದು ತಿಂಗಳದ್ದು ಮಾಮಾ. ಇದು ಡೈಲಿ. ಆಫೀಸಲ್ಲಿ ಕೂತು ಬಂದು ಇಲ್ಲಿ ಬಗ್ಗಿದ್ರೆ ರಾತ್ರಿ ಸೊಂಟ ಹಿಡ್ಕೊಳ್ಳುತ್ತೆ. ಮೇಲೆ ಮೇಜು ಸ್ವಲ್ಪ ಪರವಾಯಿಲ್ಲ.”

“ಯಾಕಮ್ಮಾ ಹೇಳಲಿಲ್ಲ?”

“ಎಪ್ಪಡಿ ಸೊಲ್ಲೋದು? ಅತ್ತೆ ಕಟ್ಟೆ ಅದು.”

ಅದು ನಿಜವಾಗಿಯೂ ಅವಳ ಅತ್ತೆಯ ಕಟ್ಟೆ. ನನ್ನ ಹೆಂಡತಿ ಕುಳ್ಳಿ. ರಾಯಪುರಂನ ಬಾಡಿಗೆ ಮನೆಯಲ್ಲಿ ಮಣೆಯ ಮೇಲೆ ನಿಂತು ಅಡುಗೆ ಮಾಡುತ್ತಿದ್ದಳು. ಬಸುರಿಯಾಗಿದ್ದಾಗ ಒಮ್ಮೆ ಮಣೆ ಜಾರಿ ಬೀಳುವುದರಲ್ಲಿದ್ದಳು. ಸ್ವಂತ ಮನೆ ಕಟ್ಟುವಾಗ ನಾನು ಅವಳನ್ನು ಹಸಿ ಗೋಡೆಯ ಪಕ್ಕ ನಿಲ್ಲಿಸಿ, ಅವಳ ಮೊಣಕೈಯ ಅಳತೆಗೆ ಗೆರೆ ಎಳೆದು, ಮೇಸ್ತ್ರಿ ‘ಇದು ಲೆಕ್ಕದ ಎತ್ತರ ಅಲ್ಲ ಸಾರ್’ ಎಂದು ಎಷ್ಟು ಬಡಿದುಕೊಂಡರೂ ಕೇಳದೆ, ಕಟ್ಟೆಯನ್ನು ತಗ್ಗಿಸಿದೆ. ಮೇಲಿನ ಸ್ಟ್ಯಾಂಡು ಕೂಡ ಅವಳ ಕೈಗೆ ಎಟುಕಬೇಕೆಂದು ಇಳಿಸಿದ್ದು. ಈ ಮನೆಯಲ್ಲಿ ನಾನು ಮಾಡಿದ ಕೆಲಸಗಳಲ್ಲೆಲ್ಲ ನನಗೆ ಹೆಮ್ಮೆಯದು ಅದೇ. ಅದನ್ನು ಒಡೆದು ಎತ್ತರಿಸಲೇ? ಹಾಗಾದರೆ ಹೆಂಡತಿ ಮತ್ತೆ ಮಣೆ ಹತ್ತಬೇಕು. ಈ ವಯಸ್ಸಿನಲ್ಲಿ. ಇರುವ ಹಾಗೇ ಬಿಡಲೇ? ಹಾಗಾದರೆ ಆ ಹುಡುಗಿ ಸೊಂಟ ಮುರಿದುಕೊಳ್ಳಬೇಕು. ತಗಡಾಗಿದ್ದರೆ ಬಗ್ಗಿಸುತ್ತಿದ್ದೆ. ಬೇರೆ ಬೇರೆ ಎತ್ತರದ ಇಬ್ಬರು ಹೆಂಗಸರಿಗೆ ಒಂದೇ ಕಟ್ಟೆ ಹೇಗೆ ಮಾಡುವುದು?

ಇಷ್ಟು ಸಣ್ಣ ವಿಷಯಕ್ಕೆ ಅಡ್ಯಾರಿನವರೆಗೂ ಹೋಗಿ, ಅಂಕಲ್ ಅನ್ನಿಸಿಕೊಂಡು, ಗೋಡೆ ಹಾರಿಸಿ ಆ ಯಮಭಾರವನ್ನು ಇಳಿಸಿಕೊಂಡೆನಲ್ಲ ಎಂದು ಮೈಯೆಲ್ಲ ಉರಿಯಿತು. ಯಾರ ಮೇಲೆ ಕೂಗುವುದು? ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ಮರ್ಯಾದೆಯನ್ನೇ ಕಾಪಾಡುತ್ತಿದ್ದೆವು.

ತಿರುಗಿದರೆ ಹಿತ್ತಲ ಬಾಗಿಲಿನಲ್ಲಿ ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಸೊಸೆ ಮುದುಡಿಹೋದಳು. “ಅತ್ತೆ, ನಾನ್ ವಂದು...” ಎಂದಳು.

ಹೆಂಡತಿ ಅವಳ ಮಾತನ್ನು ಮುಗಿಸಲು ಬಿಡಲಿಲ್ಲ. ನನ್ನ ಕಡೆ ತಿರುಗಿ, “ಹೊತ್ತಾಯ್ತು. ಆ ಪಾತ್ರೆ ಒಳೀಕೆ ತಕ್ಕಬನ್ನಿ,” ಎಂದಳು.

“ಅವಳಿಗೆ ವ್ರತ ಅಲ್ವೇ?”

“ಕೊಂಡು ವಾಂಗ ಮಾಮಾ,” ಎಂದಳು ಸೊಸೆಯೇ. “ತಾತಾ ಪಾವಂ. ಎಡೆಗೆ ಕಾದು ಹಸಿದಿರ್ತಾರೆ.” ಹಾಗೆಂದು ಮೆಟ್ಟಿಲ ಕಡೆ ಹೋದಳು.

ಸಾರು ಗ್ಯಾಸಿನ ಮೇಲೆ ಏರಿದ ಸ್ವಲ್ಪ ಹೊತ್ತಿಗೇ ಕುದಿಯತೊಡಗಿತು. ಅದನ್ನು ನೋಡಿ ನನಗೆ ಅವಮಾನವೇ ಆಯಿತು. ಹೆಂಡತಿ ಹಿಟ್ಟು ತೊಳಸಿದಳು, ಈರಲಿ ಹುರಿದಳು. ತಡವಾದರೂ ಎಡೆಯಿಟ್ಟು, ಹೊಸ ಪಂಚೆ ಇಟ್ಟು, ಧೂಪ ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕೂತೆವು. ಮಗ ಬಂದು ಕೈಮುಗಿದ. ಸೊಸೆ ಮೆಟ್ಟಿಲ ಮೇಲೇ ನಿಂತು ಕೈಮುಗಿದಳು. ಇಷ್ಟು ಹೊತ್ತೂ ಹೆಂಡತಿ ಒಂದು ಮಾತೂ ಆಡಲಿಲ್ಲ. ನನಗೆ ಭಯ ಶುರುವಾಯಿತು. ಅವಳು ಕೂಗಾಡಿದರೆ ನನಗೆ ಉತ್ತರ ಗೊತ್ತು. ಸುಮ್ಮನಿದ್ದರೆ ಗೊತ್ತಿಲ್ಲ.

ಉಂಡು ಕೈ ತೊಳೆಯಲು ಹಿತ್ತಲಿಗೆ ಹೋದರೆ, ಸ್ವಾಮಿ, ಗ್ರಿಲ್ ಕಾದಿತ್ತು! ನಿಗಿನಿಗಿ. ಹತ್ತಿರ ಹೋಗಲಾಗದಷ್ಟು ಶಾಖ. ಯಾರಿಗೂ ಬೇಡವಾದ ಹೊತ್ತಿನಲ್ಲಿ, ಹೋಟೆಲಿಗೆ ಅಡುಗೆ ಮಾಡುವಷ್ಟು ಬೆಂಕಿ. ಆರಿಸಲು ಒಂದು ಚೊಂಬು ನೀರು ಹಿಡಿದುಕೊಂಡು ನಿಂತೆ. ಕಾದ ಎರಕಕ್ಕೆ ತಣ್ಣೀರು ಬಿದ್ದರೆ ಸೀಳುತ್ತದೆ ಎಂಬ ಬುದ್ಧಿ ಆ ಸಿಟ್ಟಿನಲ್ಲೂ ಉಳಿದಿದ್ದರಿಂದ ಸುರಿಯಲಿಲ್ಲ.

ಮೇಲಿನಿಂದ ಸೊಸೆ ಕುರ್ತಾಗಳನ್ನು ಕೊಡವುತ್ತಿದ್ದಳು. “ಮಾಮಾ, ಅದರ ಮೇಲೆ ಕರಿ ಪಟ್ಟುಚ್ಚಾ?” ಎಂದು ಕೂಗಿದಳು. ಮಾಂಸ ತಗುಲಿತೇ ಎಂದು.

“ಎಲ್ಲಿಂದ ತಗುಲುತ್ತೆ? ಉಕ್ಕಿದ್ರೆ ತಾನೇ!”

ಅವಳು ಮೂರ್ನಾಲ್ಕು ಗೆಣಸು ಹಿಡಿದುಕೊಂಡು ಕೆಳಗೆ ಬಂದಳು. ಜಾಲರಿಯನ್ನು ಇಕ್ಕಳದಿಂದ ಎತ್ತಿ ಪಕ್ಕಕ್ಕಿಟ್ಟು ಕೆಂಡದಲ್ಲೇ ಹೂತೆವು. ಸಿಪ್ಪೆ ಸೀಯುವ ವಾಸನೆ ಬಂದಾಗ ಹೆಂಡತಿ ಬಂದು ಬಾಗಿಲಲ್ಲಿ ಕೂತಳು. ಸೊಸೆ ಒಂದು ಗೆಣಸು ಸುಲಿದು, ಊದಿ, ಅವಳಿಗೆ ಕೊಟ್ಟಳು. ಹೆಂಡತಿ ಅದನ್ನು ತಿನ್ನುತ್ತ ನನಗೆ ಹೇಳಿದಳು:

“ಇವ್ಳಿಗೆ ಮೇಲೊಂದು ಕಟ್ಟೆ ಮಾಡ್ಸಿಕೊಡಿ.”

“ಏನಂದೆ?”

“ಕಿವಿ ಕೇಳ್ಸಲ್ವಾ? ಆ ಮೇಜು ಅಲ್ಲಾಡ್ತದೆ, ಕುಕ್ಕರ್ ಕೂಗಿದಾಗ ಕೆಳಕ್ಕೆ ಕೇಳ್ತದೆ. ನಿಂತು ಮಾಡೋಕೆ ಸರಿಯಾಗಿ ಒಂದು ಕಟ್ಟೆ ಮಾಡ್ಕೊಡಿ. ನನ್ನದನ್ನ ಮಾತ್ರ ಮುಟ್ಬ್ಯಾಡಿ.”

“ಹಂಗಾದ್ರೆ ಒಲೆ ಮೇಲೇ ಇರ್ಲಿ ಅಂತೀಯಾ?”

“ಇನ್ನೇನು ಮಾಡೋದು? ಅವ್ಳನ್ನ ಕುಯ್ದು ಗಿಡ್ಡ ಮಾಡೋಕಾಯ್ತದಾ?” ಎಂದಳು. ಆಮೇಲೆ ಸೊಸೆಗೆ, ತನ್ನ ಹರಕು ತಮಿಳಿನಲ್ಲಿ, “ಸಾಯಂಕಾಲ ಸಾಂಬಾರು ಮಾಡಿದ್ರೆ ನಂಗೂ ಕೊಡು, ನಾನು ಇಬ್ಬರಿಗೇ ಅಕ್ಕಿ ಹಾಕೋದು ಇನ್ಮೇಲೆ,” ಎಂದಳು. ಅವಳ ದನಿ ಸರಿಯಾಗಿರಲಿಲ್ಲ. ಗೆಣಸು ಬಿಸಿಯಿತ್ತು ಎಂದುಕೊಳ್ಳುವುದು ಸುಲಭ, ಆದರೆ ಹಾಗೆಂದರೆ ಸುಳ್ಳಾಗುತ್ತದೆ.

ನನಗೆ ಇವತ್ತಿಗೂ ಇದು ಒಪ್ಪಿಗೆಯಿಲ್ಲ. ಒಲೆ ಇಳಿಸಲು ಹೊರಟವನು ನಾನು. ಅದಕ್ಕೆ ಮೇಲೆ ಗಟ್ಟಿ ಜಾಗ ಮಾಡಿಕೊಡುವ ಕೆಲಸ ನನ್ನ ಕೈಗೇ ಬಂತು. ಆದರೆ ಆ ಮೇಜು ಅಲ್ಲಾಡುವುದು ನಿಜ. ಅಲ್ಲಾಡುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು. ಮರುದಿನ ಟೇಪು ಹಿಡಿದು ಮೇಲೆ ಹೋದೆ.

“ನೆಟ್ಟಗೆ ನಿಂತ್ಕೋಮ್ಮಾ,” ಎಂದೆ. “ಚಪ್ಪಲಿ ಬಿಟ್ಟು. ಕೈ ಮಡಿಚು.”

ಅವಳು ಗೋಡೆಗೆ ಒತ್ತಿ ನಿಂತು ಮೊಣಕೈ ಮಡಿಚಿದಳು. ನಾನು ಪೆನ್ಸಿಲಿನಿಂದ ಗೆರೆ ಎಳೆದೆ.